ಜಯಮಾಲಾಳ ಮೂಗು ತೆರೆದ ದಿನ

ದೀಪಾವಳಿ ಮುಗಿದು ಕಬ್ಬಿನ ಕಟಾವು ಶುರುವಾಯಿತೆಂದರೆ ಹುಮನಾಬಾದಿನ ಜಯಮಾಲಾಳ ಮೂಗು ಮುಚ್ಚಿಕೊಳ್ಳುತ್ತಿತ್ತು. ಹೊಲಗಳಲ್ಲಿ ಕಬ್ಬಿನ ಒಣಗರಿಯ ರವದಿ ಸುಡುವ ಹೊಗೆ, ಕಾರ್ಖಾನೆಗಳ ಚಿಮಣಿಯ ಹೊಗೆ, ಹೆದ್ದಾರಿಯ ಲಾರಿಗಳು ಎಬ್ಬಿಸುವ ಧೂಳು, ಎಲ್ಲವೂ ಚಳಿಗೆ ಮೇಲೇರಲಾರದೆ ಊರಿನ ಮೇಲೆ ಕೌದಿ ಹೊದಿಸಿದಂತೆ ಬಿದ್ದುಕೊಂಡಿರುತ್ತಿದ್ದವು. ಅವಳು ಆವಿ ಹಿಡಿದಳು, ಗುಳಿಗೆ ನುಂಗಿದಳು. ಏನು ಮಾಡಿದರೂ ಶಿವರಾತ್ರಿಯವರೆಗೆ ಆ ಮೂಗು ನತ್ತು ಇಡುವುದಕ್ಕಷ್ಟೇ ಉಪಯೋಗ.

ಬೇರೆಯವರಿಗಾದರೆ ಹೇಗೋ ನಡೆದೀತು. ಜಯಮಾಲಾಳದು ಮಸಾಲೆ ಖಾರ ಮಾಡಿ ಮಾರುವ ಕೆಲಸ. ಕೊತ್ತಂಬರಿ ಬೀಜ, ಎಳ್ಳು, ಒಣಕೊಬ್ಬರಿ ಯಾವ ಗಳಿಗೆಗೆ ಒಲೆಯಿಂದ ಇಳಿಯಬೇಕು ಎಂಬುದನ್ನು ಮೂಗೇ ಹೇಳಬೇಕು. ಹಾಗಾಗಿ ಆ ವರ್ಷ ನಿರ್ಣಾ ಹಳ್ಳಿಯಿಂದ ಸೊಸೆ ಪೂನಂ ಮದುವೆಯಾಗಿ ಬಂದಾಗ ಅವಳಿಗೆ ದೊಡ್ಡ ಆಸರೆ ಸಿಕ್ಕಂತಾಯಿತು. ಬಾಣಲೆಯ ಪಕ್ಕ ಸೊಸೆಯನ್ನು ಕೂಡ್ರಿಸಿಕೊಂಡು ಕೇಳುತ್ತಿದ್ದಳು.

"ಘಮ್ ಅಂತದೇನು?"

"ಅಂತದ್ರಿ ಅತ್ತಿ."

ಆಗ ಇಳಿಸುತ್ತಿದ್ದಳು.

ಸಂಕ್ರಾಂತಿ ಕಳೆದ ಮರುವಾರ ಬಸವಕಲ್ಯಾಣದಲ್ಲಿ ಅಕ್ಕ ಲಲಿತಾಬಾಯಿಯ ಮಗಳ ಮದುವೆ. ಅಡುಗೆಗೆ ಹತ್ತು ಕಿಲೋ ಖಾರ ಜಯಮಾಲಾಳೇ ತರಬೇಕೆಂದು ಅಕ್ಕ ಹೇಳಿಕಳಿಸಿದ್ದಳು. ಮದುವೆಯ ಹಿಂದಿನ ದಿನ ಅತ್ತೆ ಸೊಸೆ ಚೀಲ ಹಿಡಿದು ಹೊರಟರು. ನಸುಕಿನಲ್ಲಿ ಅಕಾಲದ ಮಳೆಯೊಂದು ಸುರಿದು, ಆಕಾಶವನ್ನು ತಿಕ್ಕಿ ತೊಳೆದಿಟ್ಟಂತೆ ಕಾಣುತ್ತಿತ್ತು. ದಾರಿಯುದ್ದಕ್ಕೂ ತಣ್ಣನೆಯ ಗಾಳಿ ಕಿಟಕಿಯಿಂದ ಮುಖಕ್ಕೆ ಬಡಿಯಿತು.

ಬಸವಕಲ್ಯಾಣದಲ್ಲಿ ಬಸ್ಸಿಳಿಯುವಾಗ ಮೆಟ್ಟಿಲ ಮೇಲೇ ಜಯಮಾಲಾಳಿಗೆ ಸೀನು ಹತ್ತಿತು. ಒಂದಲ್ಲ, ಏಳು. ಏಳನೆಯದು ಮುಗಿದಾಗ ತಲೆಯೊಳಗೆ ಏನೋ ಪಟ್ಟೆಂದು ಬಿಟ್ಟುಕೊಂಡಿತು. ಮೊದಲು ಬಂದದ್ದು ಡೀಸೆಲ್ ವಾಸನೆ. ಅವಳು ಬಸ್ಸಿನ ಹಿಂದೆಯೇ ನಿಂತು ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡಳು. ಆಮೇಲೆ ಹಸಿ ಮಣ್ಣು, ಕಾದ ಎಣ್ಣೆ, ಬಂಡಿಯ ಮೇಲಿನ ಪೇರಲ, ಎಮ್ಮೆಯ ಸಗಣಿ. ಪೇರಲ ಮಾರುವ ಹಜಿರಾ ಬೀ ಹತ್ತಿರ ಒಂದು ಹಣ್ಣು ಎತ್ತಿಕೊಂಡು ಮೂಸಿದಳು, ಇನ್ನೊಂದನ್ನು ಮೂಸಿದಳು, ಮೂರನೆಯದನ್ನೂ ಬಿಡಲಿಲ್ಲ.

"ತಿನ್ನಾಕ ತಗೋತೀರೋ, ಬರೇ ಮೂಸಾಕತ್ತೀರೋ ಬಾಯಿ?" ಎಂದಳು ಹಜಿರಾ ಬೀ.

ಪೂನಂ ನಾಚಿಕೊಂಡು ಅತ್ತೆಯನ್ನು ಎಳೆದು ಫಿರೋಜ್ ಎಂಬವನ ಆಟೋದಲ್ಲಿ ಕೂಡ್ರಿಸಿದಳು. ಜಯಮಾಲಾಳ ಮೂಗು ಸುಮ್ಮನಿರಬೇಕಲ್ಲ. ಚೀಲದ ಬಾಯಿ ಬಿಚ್ಚಿ ತನ್ನದೇ ಖಾರ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಪೂನಂ, ಇದು ಸುಟ್ಟ ನಾತ ಹೊಡ್ಯಾಕತ್ತದ."

ಪೂನಂ ಬೆರಳಿಗೆ ಸೆರಗು ಸುತ್ತತೊಡಗಿದಳು. "ಅತ್ತಿ, ನನಗೂ ವಾಸನಿ ಬರಂಗಿಲ್ರಿ. ದೀಪಾವಳಿ ಆದಾಗಿಂದ ಮೂಗು ಬಂದ್ ಅದ."

"ಮತ್ತ ಘಮ್ ಅಂತದ ಅಂತಿದ್ದಿ?"

"ನೀವು ಅಷ್ಟು ಆಸೀಲೆ ಕೇಳತಿದ್ರಿ. ಇಲ್ಲ ಅನ್ನಾಕ ಮನಸ ಬರಲಿಲ್ರಿ."

ಜಯಮಾಲಾ ಸಿಟ್ಟಾಗಬೇಕೆಂದೇ ಬಾಯಿ ತೆರೆದಳು. ಆದರೆ ಮೂರು ತಿಂಗಳು ತಾವಿಬ್ಬರೂ ಬಾಣಲೆಯ ಮುಂದೆ ಗಂಭೀರವಾಗಿ ಕುಳಿತದ್ದು, ಖಾರ ಯಾಕೋ ಇದ್ದಿಲಿನ ಹಾಗಿದೆ ಎಂದ ಗಿರಾಕಿ ಸರುಬಾಯಿಗೆ ನಿನ್ನ ನಾಲಿಗೆಯೇ ಕೆಟ್ಟಿದೆ ಎಂದು ಜಗಳ ತೆಗೆದದ್ದು, ಎಲ್ಲ ಒಮ್ಮೆಲೇ ನೆನಪಾಗಿ ನಗು ಉಕ್ಕಿತು. ಅವಳನ್ನು ನೋಡಿ ಪೂನಂಗೂ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಫಿರೋಜ್ ಆಟೋ ನಿಲ್ಲಿಸಿ ತಿರುಗಿ ನೋಡಿದ.

"ತಬಿಯತ್ ಬರೋಬರಿ ಅದೇನ್ರಿ?"

"ಇವತ್ತೇ ಬರೋಬರಿ ಆಗ್ಯಾದಪ್ಪ. ಮೊದಲು ಕಿರಾಣಿ ಅಂಗಡಿಗೆ ನಡಿ."

ಸಾಮಾನು ಕೊಂಡು ಮದುವೆ ಮನೆ ಸೇರಿ, ಅಕ್ಕನಿಗೆ ಇದ್ದದ್ದು ಇದ್ದಂತೆ ಹೇಳಿ, ಅಂಗಳದಲ್ಲಿ ಒಲೆ ಹೂಡಿದರು. ಒಣಮೆಣಸಿನಕಾಯಿ ಬಾಣಲೆಗೆ ಬಿದ್ದದ್ದೇ ತಡ, ಘಾಟು ಓಣಿಯೆಲ್ಲ ಹಬ್ಬಿತು. ಚಪ್ಪರ ಕಟ್ಟುವವರು ಕೆಮ್ಮುತ್ತ ಕೆಳಗಿಳಿದರು. ಅರಿಶಿನ ಹಚ್ಚಿಕೊಂಡ ಮದುಮಗಳು ಸೀನುತ್ತ ನಕ್ಕಳು. ಪೂನಂ ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡು, ಕೊತ್ತಂಬರಿ ಬೀಜ ಹುರಿಯುವ ಹೊತ್ತಿಗೆ ಅತ್ತೆಯ ಕೈ ಗಟ್ಟಿಯಾಗಿ ಹಿಡಿದಳು.

"ಅತ್ತಿ, ಈಗ ಇಳಸ್ರಿ. ಘಮ್ ಅನ್ನಾಕತ್ತದ."

ಜಯಮಾಲಾ ಅವಳ ಮುಖವನ್ನೇ ನೋಡಿದಳು. "ಖರೇನ?"

"ಖರೇನ್ರಿ. ನಿಮ್ಮ ಸೀರಿ ಕರ್ಪೂರದ ವಾಸನಿ ಬರಾಕತ್ತದ. ಅದೂ ಹೇಳಲೇನು?"

ಮರುದಿನದ ಊಟದಲ್ಲಿ ಬೀಗರು ಬದನೆಕಾಯಿ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡರು. ಲಲಿತಾಬಾಯಿ ತಂಗಿಯ ಕೈ ಹಿಡಿದು, ಮುಂದಿನ ಚಳಿಗಾಲಕ್ಕೆ ಅತ್ತೆ ಸೊಸೆ ಇಬ್ಬರೂ ಇಲ್ಲಿಗೇ ಬಂದು ಖಾರ ಹುರಿಯಬೇಕೆಂದು ಮಾತು ತೆಗೆದುಕೊಂಡಳು.

ಸಂಜೆ ಹುಮನಾಬಾದ್ ಹತ್ತಿರವಾಗುತ್ತಿದ್ದಂತೆ ಕಾರ್ಖಾನೆಗಳ ಕಡೆಯಿಂದ ಔಷಧಿಯೂ ಕೊಳೆತ ಮೊಟ್ಟೆಯೂ ಕೂಡಿದಂಥ ನಾತವೊಂದು ಬಸ್ಸಿನೊಳಗೆ ನುಗ್ಗಿತು. ಪೂನಂ ಸೆರಗು ಮೂಗಿಗೆ ಹಿಡಿದಳು.

"ಅಯ್ಯ, ದಿನಾ ಇದನ್ನೇ ಕುಡೀತಿದ್ವೇನ್ರಿ ಅತ್ತಿ?"

"ಹೂಂ. ಗೊತ್ತಿರಲಿಲ್ಲ ನೋಡು," ಎಂದಳು ಜಯಮಾಲಾ. "ನಾಳಿ ಓಣಿ ಹೆಂಗಸರನ್ನೆಲ್ಲಾ ಕರಕೊಂಡು ಪುರಸಭೆಗೆ ಹೋಗಿ ದೂರು ಕೊಡೋಣು. ಇವತ್ತು ಮಾತ್ರ ಮೂಗು ಮುಚ್ಚಬ್ಯಾಡ."

ಬಸ್ಸಿಳಿದ ಮೇಲೆ ಅವಳು ಆಟೋ ಬೇಡವೆಂದಳು. ಇಬ್ಬರೂ ಕೈ ಕೈ ಹಿಡಿದುಕೊಂಡು, ಚಹಾದಂಗಡಿಯ ಶುಂಠಿಯಿಂದ ಚರಂಡಿಯವರೆಗೆ ಎಲ್ಲವನ್ನೂ ಮೂಸುತ್ತ, ನಗುತ್ತ ಮನೆಯ ಕಡೆ ನಡೆದರು.