ಕೇಕ್ ತಾರದ ಶುಕ್ರವಾರ

ಸುತ್ತುತ್ತಿದೆ, ಬರುತ್ತಿಲ್ಲ, ಎಷ್ಟು ತಿರುಗಿಸಿದರೂ ಬೋಲ್ಟು ಇದ್ದಲ್ಲೇ ಸುತ್ತುತ್ತಿದೆ, ಅಂದರೆ ಒಳಗಿನ ನಟ್ಟು ಮರದ ಹಿಡಿತ ಬಿಟ್ಟು ಅದರ ಜೊತೆಗೇ ತಿರುಗುತ್ತಿದೆ, ಥೂ, ಬೆಳಗಾಗೆದ್ದು ಇದೊಂದು ತಲೆನೋವು, ಆಚೆ ಕೋಣೆಯಿಂದ ಕಾಫಿಯ ವಾಸನೆ, ಶುಕ್ರವಾರವಲ್ಲವೇ, ಬನ್ನು ತರುವ ಸರದಿ ಇವತ್ತು ಆಸ್ಗೆರ್‌ನದು, ಗಸಗಸೆ ಬನ್ನನ್ನೇ ತಂದಿರುತ್ತಾನೆ, ಹೆಂಡತಿಗೆ ಇಷ್ಟ ಅಂತ, ನನಗೆ — ಸ್ಪೀಕರಿನ ಅಂಚಿನಡಿ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೇಲಕ್ಕೆ ಮೀಟ್ತಾ ತಿರುಗ್ಸು ಬೋಡಿಲ್, ನಟ್ಟು ಬಿಗಿಯಾಗತ್ತೆ, ಬೋಲ್ಟು ತಾನಾಗೇ ಬರತ್ತೆ, ಹೀಗೆ ಹೇಳಿಕೊಟ್ಟವನು ಕ್ರೆಸ್ಟೆನ್, ನನ್ನ ತಮ್ಮ, ಮೀಟಿದೆ, ಬಂತು, ಒಂದು ಬಂತು. ವೀಬೋರ್ಗ್‌ನ ಹುಡುಗಿ ತಂದುಕೊಟ್ಟ ಓಕ್ ಮರದ ಸ್ಪೀಕರ್ ಪೆಟ್ಟಿಗೆ, ನಮ್ಮ ಕಾರ್ಖಾನೆಯಲ್ಲೇ ಮಾಡಿದ್ದು, ತೀರಿಕೊಂಡ ಅಪ್ಪನದಂತೆ, ಪಿಯಾನೊ ಹಾಕಿದರೆ ಗರಗರ ಅನ್ನುತ್ತದಂತೆ, ಅಪ್ಪ ಬದುಕಿರುವವರೆಗೆ ಯಾರಿಗೂ ಮುಟ್ಟಲು ಬಿಡಲಿಲ್ಲವಂತೆ, ಅದಕ್ಕೇ ವರ್ಷಗಳ ಹಿಂದಿನ ಆ ಚಳಿಗಾಲದ ಪೆಟ್ಟಿಗೆಗಳಲ್ಲಿ ಇದೊಂದು ವಾಪಸು ಬರದೆ ಉಳಿದುಬಿಟ್ಟಿತ್ತು.

ಆ ಚಳಿಗಾಲ — ಒಂದರ ಹಿಂದೊಂದು ವಾಪಸು ಬಂದವು, ಸ್ಪೀಕರುಗಳು ಸಡಿಲಾಗಿ ಪೆಟ್ಟಿಗೆಯ ಬಾಯಿಂದ ಜೋತುಬಿದ್ದಿದ್ದವು, ನಟ್ಟು ಕೂರಿಸುವ ಕೆಲಸ ಕ್ರೆಸ್ಟೆನ್‌ನದು, ಆಸ್ಗೆರ್ ಎಲ್ಲವನ್ನೂ ಹಿಂದಿನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡು ತಾನೇ ಬಿಚ್ಚಿದ, ನೀನು ನೋಡ್ಬೇಡ, ಸ್ವಂತ ತಮ್ಮನ ಕೆಲಸ, ಬೇಜಾರಾಗತ್ತೆ ಅಂದ, ನನ್ನ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ ನಾನು, ಪೆದ್ದಿ. ನಮ್ಮಲ್ಲಿ ಕೆಲಸ ಕೆಡಿಸಿದವರು ಶುಕ್ರವಾರ ಕೇಕ್ ತರಬೇಕು, ತಂದರೆ ಮುಗಿಯಿತು, ಎಲ್ಲರೂ ತಿಂದು, ಕಾಲೆಳೆದು, ಮರೆತುಬಿಡುತ್ತೇವೆ, ಆ ಶುಕ್ರವಾರವೂ ತಟ್ಟೆಗಳನ್ನಿಟ್ಟುಕೊಂಡು ಕಾದೆವು, ಕ್ರೆಸ್ಟೆನ್ ಬರಿಗೈಯಲ್ಲಿ ಬಂದು ಕಾಫಿ ಸುರಿದುಕೊಂಡು ಕೂತ, ನಂದಲ್ಲ, ನಾನ್ಯಾಕೆ ಕೇಕ್ ತರ್ಲಿ ಅಂದ. ಡೆನ್ಮಾರ್ಕಿನ ಈ ಪಡುವಣ ಯೂಟ್ಲಂಡ್‌ನಲ್ಲಿ ಯಾರೂ ಏನೂ ಅನ್ನುವುದಿಲ್ಲ, ಲೋಟದೊಳಗೆ ನೋಡುತ್ತಾರೆ, ಆಮೇಲೆ ಅವನ ಜೊತೆ ಮಾತು ಬಿಟ್ಟರು, ಒಂದು ಕೇಕಿಗೆ ಇಷ್ಟು ಸೊಕ್ಕಾ ಅಂತ ಸೈಕಲ್ ನಿಲ್ಲಿಸುವಲ್ಲಿ ನಾನೇ ಕೇಳಿದೆ, ನೀನೂ ಅಷ್ಟೇನಾ ಬೋಡಿಲ್ ಅಂದ, ಸೈಕಲ್ ಹತ್ತಿ ಹೋದ. ಅವನು ನಾರ್ವೆಗೆ ಹೊರಟ ದಿನ ಹಡಗಿನ ಕಟ್ಟೆಯ ಮೇಲೆ ಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ, ಆಸ್ಗೆರ್ ಅವನ ಹೆಗಲ ಮೇಲೆ ಕೈಯಿಟ್ಟು, ನನ್ ಮನ್ಸಲ್ಲಿ ಏನೂ ಇಲ್ಲಪ್ಪ, ಮರ್ತುಬಿಡೋಣ ಅಂದ, ಹೆಗಲ ಮೇಲೆ ಕೈ, ಕ್ರೆಸ್ಟೆನ್ ಆ ಕೈಯನ್ನೇ ನೋಡುತ್ತಿದ್ದ. ಮತ್ತೆ ಡೆನ್ಮಾರ್ಕಿಗೆ ಕಾಲಿಡಲಿಲ್ಲ.

ಕೊನೆಯ ಬೋಲ್ಟೂ ಬಂತು, ಸ್ಪೀಕರನ್ನು ಎತ್ತಿ ಪಕ್ಕಕ್ಕಿಟ್ಟೆ, ಅದು ಕೂತಿದ್ದ ಜಾಗ ನುಣುಪು, ಎಲ್ಲಿ ವಾಷರಿನ ಉಂಗುರ? ಕ್ರೆಸ್ಟೆನ್ ಯಾವತ್ತೂ ಸುತ್ತಿಗೆ ಮುಟ್ಟಿದವನಲ್ಲ, ಹಲ್ಲಿನ ನಟ್ಟನ್ನು ಹಿಂದಿನಿಂದ ಇಟ್ಟು, ಮುಂದಿನಿಂದ ದೊಡ್ಡ ವಾಷರ್ ಹಾಕಿ, ಬೋಲ್ಟಿನಿಂದಲೇ ನಿಧಾನ ಎಳೆದು ಹಲ್ಲುಗಳನ್ನು ಮರದೊಳಗೆ ಕೂರಿಸುತ್ತಿದ್ದ, ಅವನ ಪ್ರತಿ ತೂತಿನ ಸುತ್ತ ವಾಷರಿನ ಉಂಗುರದ ಗುರುತು ಇರಲೇಬೇಕು, ಸಾಯಂಕಾಲದವರೆಗೆ ಕಸೂತಿ ಹಾಕ್ತಾನೆ ಅಂತ ಆಸ್ಗೆರ್ ಆಡಿಕೊಳ್ಳುತ್ತಿದ್ದ — ಇಲ್ಲಿ ಒಂದೂ ಇಲ್ಲ. ಟಾರ್ಚು, ಪುಟ್ಟ ಕನ್ನಡಿ, ಒಳಗೆ ನಟ್ಟುಗಳು ವಾಲಿ ಕೂತಿವೆ, ಅರ್ಧ ಹಲ್ಲು ಮರದ ಹೊರಗೆ, ಬಡಿದು ಕೂರಿಸಿದ್ದು, ಗುರಿ ತಪ್ಪಿದ ಸುತ್ತಿಗೆಯ ಅರ್ಧಚಂದ್ರಗಳು, ಎಲ್ಲವೂ ಒಂದೇ ಕಡೆಗೆ, ಎಡಗೈಯವನ ಏಟು, ಇಲ್ಲಿ ಎಡಗೈಯವನು ಒಬ್ಬನೇ. ಆ ಕೈ ನನಗೆ ಗೊತ್ತು, ನಮ್ಮ ಮನೆಯಲ್ಲಿ ಬ್ರೆಡ್ ಕೊಯ್ಯುವ ಕೈ, ನಿದ್ದೆಯಲ್ಲಿ ನನ್ನನ್ನು ಹುಡುಕುವ ಕೈ, ಕ್ರೆಸ್ಟೆನ್‌ನ ಹೆಗಲ ಮೇಲಿದ್ದ ಕೈ. ಅವಸರವಾಗಿತ್ತು, ಕ್ರಿಸ್‌ಮಸ್ ಮುಂದಿತ್ತು, ಬಡಿದ, ಆಯಿತು, ಯಾರು ತಾನೇ ತಪ್ಪು ಮಾಡುವುದಿಲ್ಲ, ನೀನು ಒಂದು ಕೇಕ್ ತಂದಿದ್ದರೆ ಆಗುತ್ತಿತ್ತಲ್ಲೋ ಆಸ್ಗೆರ್, ಒಂದು ಕೇಕ್, ಅದರ ಬದಲು ನೀನು ನನ್ನ ತಮ್ಮನನ್ನು ಕೊಟ್ಟುಬಿಟ್ಟೆ, ಆಮೇಲೆ ಅಮ್ಮ ಹಾಸಿಗೆ ಹಿಡಿದು ಕ್ರೆಸ್ಟೆನ್ ಬಂದ್ನಾ, ಬಂದ್ನಾ ಅಂತ ಕೇಳುತ್ತಿದ್ದಾಗ ಅವಳ ದಿಂಬು ಸರಿಮಾಡುತ್ತಾ, ಅವ್ನು ಹಟಮಾರಿ ಅಮ್ಮ, ಬರಲ್ಲ ಅಂದೆಯಲ್ಲ, ನಾನೂ ಹೌದು ಅಂತ ತಲೆಯಾಡಿಸಿದೆನಲ್ಲ, ನನ್ನ ಬಾಯಿಂದಲೂ ಹೌದು ಅನ್ನಿಸಿದೆಯಲ್ಲ.

ಬಾಗಿಲು, ಅವನೇ, ಸ್ವೆಟರಿನ ಮೇಲೆ ಗಸಗಸೆ, ಬೆನ್ನ ಹಿಂದೆ ಬಂದು ಬಗ್ಗುತ್ತಾನೆ, ಟಾರ್ಚು ಇನ್ನೂ ಉರಿಯುತ್ತಿದೆ, ಕನ್ನಡಿಯಲ್ಲಿ ಅವನಿಗೂ ಕಾಣುತ್ತಿದೆ, ಆ ನಟ್ಟು, ಆ ಗುರುತು, ಅವನ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಕೇಳಿಸಿತು ನನಗೆ, ಹೇಳು ಆಸ್ಗೆರ್, ಈಗಲಾದರೂ ಹೇಳು, ಈಗ ಹೇಳಿದರೆ ನಾನು ಇನ್ನೂ — ನೋಡ್ದ್ಯಾ, ನಿನ್ನ ತಮ್ಮಂದೇ ಕೆಲಸ, ಅನ್ನುತ್ತಾನೆ, ಮೆತ್ತಗೆ, ಹೋಗ್ಲಿ ಬಿಡು, ಹೊಸಾ ನಟ್ಟು ಹಾಕಿ ಮುಚ್ಬಿಡು, ಬಾ, ಎಲ್ರೂ ಕಾಯ್ತಿದಾರೆ, ಅನ್ನುತ್ತಾ ನನ್ನ ಹೆಗಲ ಮೇಲೆ ಕೈಯಿಡುತ್ತಾನೆ, ಬೆಚ್ಚಗಿನ ಕೈ, ಎಡಗೈ, ಹೆಗಲ ಮೇಲೆ, ತೆಗೆಯುತ್ತಿಲ್ಲ ಅವನು, ಹೆಗಲ ಮೇಲೆ ಕೈ, ಕೈ