ಕೇಳದೆ ಅಳಿಸಿಹೋದ ಹದಿನಾಲ್ಕು ಹಾಡು

ತಿಕೋಟಾದ ಬಸ್ ನಿಲ್ದಾಣದ ಎದುರು ಜೀನತಳ ಝೆರಾಕ್ಸ್ ಅಂಗಡಿ ಇದೆ. ಪಹಣಿ ಬೇಕೆಂದರೆ, ಪರೀಕ್ಷೆಯ ಅರ್ಜಿ ತುಂಬಬೇಕೆಂದರೆ, ಲಗ್ನಪತ್ರಿಕೆ ಟೈಪ್ ಮಾಡಿಸಬೇಕೆಂದರೆ ಸುತ್ತಲಿನ ಹಳ್ಳಿಯವರು ಅಲ್ಲಿಗೇ ಬರುತ್ತಾರೆ. ಇರುವುದು ಒಂದೇ ಕಂಪ್ಯೂಟರ್. ಒಂಬತ್ತು ವರ್ಷದಿಂದ ಅದರ ಮುಂದೆ ಕೂತು ಕೂತು, ಜೀನತ ಈಗ ಕೀಲಿಮಣೆ ನೋಡದೆಯೇ ಟೈಪ್ ಮಾಡುತ್ತಾಳೆ. ಆದರೆ ಸೆಟ್ಟಿಂಗ್ಸ್ ಎಂಬ ಜಾಗವನ್ನು ಅವಳು ಒಮ್ಮೆಯೂ ತೆರೆದು ನೋಡಿರಲಿಲ್ಲ. ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಒಂದು ದಿನ ಅಂಗಡಿಯ ತುಂಬ ಜನ. ಕಂಪ್ಯೂಟರ್ ಬಹಳ ನಿಧಾನವಾಗಿತ್ತು. ಪರದೆಯ ಮೂಲೆಯಲ್ಲಿ ಒಂದು ಮೆಸೇಜು ಬಂತು. ಜಾಗ ಕಡಿಮೆ ಇದೆ, ಬೇಡವಾದ ಫೈಲುಗಳನ್ನು ಆಗಾಗ ತಾನೇ ಅಳಿಸಲೇ ಎಂದು ಅದು ಕೇಳುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಜೀನತ ಗಂಡನ ಕಡೆ ನೋಡಿದಳು. ಗೂಡ್ಸ್ ಗಾಡಿ ಓಡಿಸುವ ತೌಸೀಫ ಆಗಷ್ಟೇ ಕಾಗದದ ಬಂಡಲು ತಂದು ಇಳಿಸಿದ್ದ.

"ಏನ್ ಒತ್ತಲಿರಿ?"

"ಹೂಂ ಅಂತ ಒತ್ತು. ಅದು ನಮಕಿಂತ ಶಾಣೇ ಐತಿ. ಬ್ಯಾಡಾದದ್ದು ಯಾವುದು ಅಂತ ಅದಕ್ಕ ಗೊತ್ತಿರ್ತೈತಿ."

ಜೀನತ ಒತ್ತಿದಳು. ಕಂಪ್ಯೂಟರ್ ಹಗುರಾಯಿತು. ಇಬ್ಬರೂ ಅದನ್ನು ಮರೆತರು.

ಆ ಮೇಲೆ ತಾಯಿಯ ಗಂಟಲಿನ ಸುದ್ದಿ ಬಂತು.

ಜೀನತಳ ತಾಯಿ ಮದೀನಾಬಿ ಕಳ್ಳಕವಟಗಿಯವಳು. ಓದು ಬರಹ ಬಾರದು. ಆದರೆ ಊರಲ್ಲಿ ಯಾರ ಮನೆಯಲ್ಲಿ ಅರಿಶಿಣ ಹಚ್ಚುವುದಿದ್ದರೂ ಹಾಡಿಗೆ ಅವಳೇ ಬೇಕು. ಜೊತೆಗೆ ಪಕ್ಕದ ಮನೆಯ ಕಾಳವ್ವ. ಮದೀನಾಬಿ ಎತ್ತುವುದು, ಕಾಳವ್ವ ಹಿಂದಿನಿಂದ ಹಿಡಿಯುವುದು. ನಲವತ್ತು ವರ್ಷದಿಂದ ಹೀಗೇ ನಡೆದಿತ್ತು. ಕೆಲವು ತಿಂಗಳಿಂದ ಮದೀನಾಬಿಯ ದನಿ ಒಡೆದಿತ್ತು. ನೆಗಡಿ ಇರಬೇಕು ಎಂದು ಎಲ್ಲರೂ ಸುಮ್ಮನಿದ್ದರು. ವಿಜಯಪುರದ ದವಾಖಾನೆಯಲ್ಲಿ ಡಾಕ್ಟರು ನೋಡಿ, ಗಂಟಲಲ್ಲಿ ಗಂಟಾಗಿದೆ, ದನಿಪೆಟ್ಟಿಗೆ ತೆಗೆಯಲೇಬೇಕು ಎಂದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಆಪರೇಷನ್ನಿಗೆ ಎಂಟು ದಿನ ಇತ್ತು. ಜೀನತ ಅಂಗಡಿ ಮುಚ್ಚಿ ತವರಿಗೆ ಹೋದಳು. ದಿನವೂ ಮಧ್ಯಾಹ್ನ ತಾಯಿಯ ಮುಂದೆ ಮೊಬೈಲು ಹಿಡಿದು ಕೂತಳು. ಮದೀನಾಬಿ ಬಿಸಿನೀರು ಗುಟುಕರಿಸುತ್ತ, ನಡುನಡುವೆ ಕೆಮ್ಮುತ್ತ, ಹದಿನಾಲ್ಕು ಹಾಡು ಹಾಡಿದಳು. ಕೊನೆಯ ಹಾಡು ಮುಗಿದಾಗ ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಾಕ್ ಬೇ. ಇನ್ನ ಮ್ಯಾಲ ಇದರಾಗ ಇರ್ಲಿ ನನ್ನ ದನಿ," ಎಂದಳು.

ಮೊಬೈಲಿನಲ್ಲಿ ಜಾಗ ತುಂಬಿಹೋಗಿತ್ತು. ಜೀನತ ಅಂಗಡಿಗೆ ಬಂದು ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಅವು ಡೌನ್‌ಲೋಡ್ಸ್ ಎಂಬ ಫೋಲ್ಡರಿನಲ್ಲಿ ಹೋಗಿ ಕೂತವು. ಇನ್ನು ಭಯವಿಲ್ಲ ಎಂದು ಮೊಬೈಲಿನಿಂದ ಅಳಿಸಿದಳು.

ಆಪರೇಷನ್ ಆಯಿತು. ಮದೀನಾಬಿ ಬದುಕಿದಳು. ಕುತ್ತಿಗೆಯಲ್ಲೊಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ಏನು ಬೇಕಿದ್ದರೂ ಕೈಯಿಂದ ತೋರಿಸಬೇಕು. ಮೊಮ್ಮಕ್ಕಳು ಮೊದಲ ಕೆಲವು ದಿನ ಹತ್ತಿರ ಹೋಗಲಿಲ್ಲ. ಜೀನತ ಎರಡು ಸಲ ಆ ಫೋಲ್ಡರಿನ ತನಕ ಹೋಗಿ ಹಿಂದೆ ಸರಿದಳು. ಆ ದನಿ ಕೇಳಲು ಅವಳ ಎದೆ ಒಪ್ಪಲಿಲ್ಲ. ಇನ್ನೊಂದು ದಿನ ಕೇಳೋಣ ಎಂದುಕೊಂಡಳು. ಹೀಗೇ ಎರಡು ತಿಂಗಳು ಕಳೆದವು.

ಕಾಳವ್ವನ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಕಾಳವ್ವ ಬಸ್ಸು ಹಿಡಿದು ಅಂಗಡಿಗೆ ಬಂದಳು.

"ಅರಿಶಿಣದ ದಿನ ಮದೀನಾನ ಪದ ಹಚ್ಚೂಣು ಜೀನತ. ಆಕಿ ಕುಂತು ಕೇಳ್ಲಿ. ನಾ ಹಿಂದ ಹಿಡೀತೀನಿ."

ಜೀನತ ಹಾಡುಗಳಿಗಾಗಿ ಮೊದಲ ಸಲ ಆ ಫೋಲ್ಡರ್ ತೆರೆದಳು. ಮೊನ್ನೆಯ ಅರ್ಜಿಗಳಿದ್ದವು, ನಿನ್ನೆಯ ಫೋಟೋಗಳಿದ್ದವು. ಹಾಡು ಒಂದೂ ಇರಲಿಲ್ಲ. ಕಸದ ಬುಟ್ಟಿ ನೋಡಿದಳು. ಅದೂ ಖಾಲಿ. ಎಲ್ಲಿಯೋ ಬೇರೆ ಕಡೆ ಇಟ್ಟಿರಬೇಕು ಎಂದು ಸಂಜೆಯ ತನಕ ಹುಡುಕಿದಳು. ಕಾಳವ್ವ ಸ್ಟೂಲಿನ ಮೇಲೆ ಕೂತು ಅವಳ ಮುಖವನ್ನೇ ನೋಡುತ್ತಿದ್ದಳು.

ಮರುದಿನ ತೌಸೀಫ ಮತ್ತು ಜೀನತ ಕಂಪ್ಯೂಟರ್ ಹೊತ್ತುಕೊಂಡು ವಿಜಯಪುರಕ್ಕೆ ಹೋದರು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಚಂದ್ರಕಾಂತ ಎಂಬ ರಿಪೇರಿಯವನ ಅಂಗಡಿ. ಅವನು ಎರಡು ದಿನ ಇಟ್ಟುಕೊಂಡು ನೋಡಿದ. ಮೂರನೆಯ ದಿನ ಅವರನ್ನು ಕೂರಿಸಿಕೊಂಡು ಪರದೆ ತೋರಿಸಿದ.

"ಇಲ್ಲಿ ನೋಡ್ರಿ ಅಕ್ಕಾರ. ಮೂವತ್ತು ದಿನ ತೆರೀದೇ ಇದ್ದ ಫೈಲ್ ಅಳಸು ಅಂತ ಐತಿ. ಬುಟ್ಟಿನೂ ತಾನs ಖಾಲಿ ಮಾಡೈತಿ. ಆ ಜಾಗದ ಮ್ಯಾಲ ಆಮ್ಯಾಲಿನ ಅರ್ಜಿ, ಫೋಟೋ ಬಂದು ಕುಂತಾವ. ಅವು ಇನ್ನ ಸಿಗೂದಿಲ್ರಿ."

"ನಾ ಅಳಸು ಅಂದಿಲ್ಲಲ್ರಿ."

"ಅದು ಕೇಳಿದಾಗ ಹೂಂ ಅಂದೀರಿ ಅಕ್ಕಾರ. ಒಮ್ಮೆ ಅಂದ್ರ ಮುಗೀತು. ಆಮ್ಯಾಲ ಅದು ಪ್ರತಿ ಸಲ ಕೇಳೂದಿಲ್ಲ."

ತೌಸೀಫ ತಲೆ ತಗ್ಗಿಸಿದ. ಧೈರ್ಯ ಬಂದ ದಿನ ಕೇಳೋಣ ಎಂದು ಜೀನತ ತೆರೆಯದೆ ಇಟ್ಟುಕೊಂಡಿದ್ದಳು. ತೆರೆದಿಲ್ಲ ಎಂದರೆ ಯಾರಿಗೂ ಬೇಡ ಎಂದು ಕಂಪ್ಯೂಟರ್ ತಿಳಿದಿತ್ತು. ತಾಯಿಗೆ ಏನೆಂದು ಹೇಳುವುದು? ಮದೀನಾಬಿಗೆ ವಿಷಯ ತಿಳಿದಾಗ ಅವಳು ಮಗಳ ಕೈ ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಅಳುವಿಗೂ ಸಪ್ಪಳವಿರಲಿಲ್ಲ.

ಆ ಸಿಟ್ಟಿನಲ್ಲಿ ಜೀನತ ಒಂದು ಕೆಲಸ ಮಾಡಿದಳು. ಸೆಟ್ಟಿಂಗ್ಸ್ ತೆರೆದು ಕಂಪ್ಯೂಟರ್ ತಾನಾಗಿ ಮಾಡುವುದನ್ನೆಲ್ಲ ಬಂದ್ ಮಾಡಿದಳು. ಅಳಿಸುವುದು ಬಂದ್. ಬರೆದದ್ದನ್ನು ತಾನೇ ಉಳಿಸುವುದು ಬಂದ್. ಅಪ್‌ಡೇಟ್ ಬಂದ್. ವೈರಸ್ ಬರದಂತೆ ಕಾಯುವುದೂ ಬಂದ್.

"ಇನ್ನ ನಾ ಹೇಳಿದ್ದಷ್ಟs ಮಾಡ್ಲಿ," ಎಂದಳು.

ದನಿ ಹೋಯಿತು, ಹಾಡಿನ ಮಾತಾದರೂ ಉಳಿಯಲಿ ಎಂದು ಕಾಳವ್ವನನ್ನು ಕರೆಸಿದಳು. ಕಾಳವ್ವ ಕಣ್ಣು ಮುಚ್ಚಿ ನೆನಪಿಸಿಕೊಳ್ಳುತ್ತ ಒಂದೊಂದೇ ಸಾಲು ಹೇಳಿದಳು. ಜೀನತ ಟೈಪ್ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಐದು ಹಾಡು ಆದವು. ಆರನೆಯದು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಕರೆಂಟು ಹೋದಾಗ ಕಂಪ್ಯೂಟರ್ ನಡೆಸುವ ಬ್ಯಾಟರಿ ಕೆಟ್ಟು ವರ್ಷವಾಗಿತ್ತು. ಪರದೆ ಕಪ್ಪಾಯಿತು. ಕರೆಂಟು ಬಂದ ಮೇಲೆ ನೋಡಿದರೆ ಒಂದು ಸಾಲೂ ಉಳಿದಿರಲಿಲ್ಲ. ತಾನೇ ಉಳಿಸುವುದು ಬಂದ್ ಆಗಿತ್ತು, ಬರೆಯುವ ಹುರುಪಿನಲ್ಲಿ ಜೀನತ ಒಮ್ಮೆಯೂ ಸೇವ್ ಮಾಡಿರಲಿಲ್ಲ.

"ಮತ್ತೊಮ್ಮೆ ಹೇಳ್ತೀರೇನ್ ಚಿಗವ್ವ?"

ಕಾಳವ್ವ ಪರದೆಯ ಕಡೆ ನೋಡಿದಳು. "ಹೇಳ್ತೀನಿ ಬೇ. ಆದ್ರ ಹಂಗs ಬರೂದಿಲ್ಲ. ಒಮ್ಮೆ ಬಂದಂಗ ಇನ್ನೊಮ್ಮೆ ಬರೂದಿಲ್ಲ ನನಗ. ಎತ್ತಿಕೊಡಾಕಿ ಆಕಿ ಇದ್ದಳು."

ಅಂದು ಜೀನತ ತನ್ನ ಗೆಳತಿ ವಿದ್ಯಾವತಿಗೆ ಫೋನ್ ಮಾಡಿದಳು. ಇಬ್ಬರೂ ಹಿಂದೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಒಂದೇ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದವರು. ವಿದ್ಯಾವತಿ ಈಗ ಬಬಲೇಶ್ವರದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ರವಿವಾರ ಬಂದಳು. ಅಂದು ಕಾಳವ್ವ, ತೌಸೀಫ ಇಬ್ಬರೂ ಅಂಗಡಿಯಲ್ಲಿದ್ದರು. ವಿದ್ಯಾವತಿ ಸಮಾಧಾನದ ಮಾತು ಹೇಳಲಿಲ್ಲ. ಸೆಟ್ಟಿಂಗ್ಸ್ ತೆರೆದು ಒಂದೊಂದನ್ನೇ ಓದಿದಳು.

"ವೈರಸ್ ಕಾವಲು ಯಾವಾಗಿಂದ ಬಂದ್ ಐತಿ ಜೀನತ?"

"ಮೂರ್ ವಾರ ಆತು."

"ದಿನಾ ಹತ್ತ ಮಂದಿ ಪೆನ್‌ಡ್ರೈವ್ ತಂದು ಇದಕ್ಕ ಚುಚ್ಚತಾರ. ಒಂದರಾಗ ವೈರಸ್ ಇದ್ದರೂ ಊರ ಮಂದಿ ಕಾಗದಪತ್ರ ಎಲ್ಲಾ ಹಾಳಾಗ್ತಾವ."

ಜೀನತಳ ಮುಖ ಗಂಟಾಯಿತು. "ತಾನs ಮಾಡಾಕ ಬಿಟ್ರ ನಮ್ಮವ್ವನ ದನಿ ನುಂಗ್ತು. ಇನ್ನೊಮ್ಮೆ ಅದರ ಕೈಯಾಗ ಕೊಡೂದಿಲ್ಲ ನಾ."

ವಿದ್ಯಾವತಿ ಕಾಳವ್ವನ ಕಡೆ ತಿರುಗಿದಳು. "ನಿಮ್ಮ ಬೋರಿಗೆ ಆಟೋ ಸ್ಟಾರ್ಟರ್ ಐತೇನ್ರಿ ಅವ್ವಾರ?"

"ಐತಿ. ಕರೆಂಟ್ ಬಂದ ಕೂಡ್ಲೆ ಪಂಪ್ ತಾನs ಚಾಲೂ ಆಗ್ತೈತಿ. ದ್ರಾಕ್ಷಿಗೆ ನೀರ್ ಬಿಡಾಕ ಅದs ಬೇಕು."

"ಪೈಪ್ ಒಡದಾಗ?"

"ಆಗ ಆಟೋ ತಗೀತೀವಿ. ಇಲ್ಲಂದ್ರ ನೀರೆಲ್ಲಾ ರಸ್ತಾದ ಮ್ಯಾಲ ಹೋಗ್ತೈತಿ."

"ಹಂಗs ಇದೂ," ಎಂದಳು ವಿದ್ಯಾವತಿ. "ಎಲ್ಲಾ ಚಾಲೂ ಇಡೂದೂ ತಪ್ಪು, ಎಲ್ಲಾ ಬಂದ್ ಮಾಡೂದೂ ತಪ್ಪು. ಒಂದು ಕೆಲಸ ಅದು ತಾನs ಮಾಡಿ ತಪ್ಪಾದ್ರ ಹೊಳ್ಳಿ ಸರಿ ಮಾಡಾಕ ಬರ್ತೈತೋ ಇಲ್ಲೋ, ಅದನ್ನ ಮೊದಲ ಕೇಳ್ಕೋಬೇಕು. ಬರದದ್ದು ತಾನs ಉಳಸ್ಲಿ, ಅದರಿಂದ ಹಾನಿ ಇಲ್ಲ. ವೈರಸ್ ಬರದಂಗ ಕಾಯ್ಲಿ. ಅಪ್‌ಡೇಟೂ ಆಗ್ಲಿ, ಆದ್ರ ಅಂಗಡಿ ಹೊತ್ತಿನ್ಯಾಗ ಬ್ಯಾಡ. ಹೊತ್ತು ನಾವು ಹೇಳಾಕ ಬರ್ತೈತಿ, ಇಲ್ಲಿ ನೋಡು. ಅಳಸೂದು ಮಾತ್ರ ನಮ್ಮ ಕೈಯಾಗ ಇರ್ಬೇಕು. ಡೌನ್‌ಲೋಡ್ಸ್ ಮುಂದ 'ಎಂದೂ ಬ್ಯಾಡ' ಅಂತ ಐತಿ ನೋಡು, ಅದನ್ನ ಆರಿಸು."

ತೌಸೀಫ ನಡುವೆ ಬಾಯಿ ಹಾಕಿದ. "ಅದು ಶಾಣೇ ಐತಿ ಅಂತ ತಿಳಿದಿದ್ನಿ ನಾ."

"ಶಾಣೇ ಐತ್ರಿ. ಎಷ್ಟು ದಿನ ತೆರದಿಲ್ಲ ಅಂತ ಎಣಸ್ತೈತಿ. ಯಾಕ ತೆರದಿಲ್ಲ ಅನ್ನೂದು ಅದಕ್ಕೆಂಗ ಗೊತ್ತಾಗ್ಬೇಕು?"

ಜೀನತ ಮೌಸ್ ತನ್ನ ಕೈಗೆ ತೆಗೆದುಕೊಂಡಳು. ಒಂದೊಂದನ್ನೂ ಓದಿ, ಅರ್ಥವಾಗದ್ದನ್ನು ಕೇಳಿ, ತಾನೇ ಆರಿಸಿದಳು. ಮುಗಿಯಲು ಅರ್ಧ ತಾಸು ಕೂಡ ಬೇಕಾಗಲಿಲ್ಲ. ಇಷ್ಟು ಸಣ್ಣ ಕೆಲಸವೇ ಎಂದು ಅವಳಿಗೆ ಇನ್ನಷ್ಟು ಸಂಕಟವಾಯಿತು.

ಸಂಜೆ ಎಲ್ಲರೂ ತೌಸೀಫನ ಗಾಡಿಯಲ್ಲಿ ಕಳ್ಳಕವಟಗಿಗೆ ಹೋದರು. ಮಂಚದ ಮೇಲೆ ಮದೀನಾಬಿ, ಕೆಳಗೆ ಚಾಪೆಯಲ್ಲಿ ಕಾಳವ್ವ. ಜೀನತ ಮೊಬೈಲು ಹಿಡಿದಳು. ಕಾಳವ್ವ ಅಳುಕುತ್ತ ಎತ್ತಿದಳು. ಎರಡನೆಯ ಸಾಲಿನಲ್ಲಿ 'ತವರಿನ ಬಾಗಿಲು' ಎಂದಾಗ ಮದೀನಾಬಿ ಮಂಚದ ಪಟ್ಟಿಗೆ ಬೆರಳಿಂದ ಟಕ್ಕೆಂದು ಹೊಡೆದಳು. ತಲೆ ಅಲ್ಲಾಡಿಸಿ, ಹಗ್ಗ ಜಗ್ಗುವಂತೆ ಕೈ ಮಾಡಿ ತೋರಿಸಿದಳು.

"ಬಾಗಲಾ ಅಲ್ಲ, ಬಾವಿ," ಎಂದಳು ಕಾಳವ್ವ. "ಹೌದೇಳು, ತವರಿನ ಬಾವಿ. ಮರ್ತಿದ್ನಿ ನೋಡು."

ಮತ್ತೆ ಮೊದಲಿನಿಂದ ಹಾಡಿದಳು. ಮದೀನಾಬಿಯ ತುಟಿ ಜೊತೆಗೇ ಆಡುತ್ತಿತ್ತು. ಮೂರು ರವಿವಾರ ಹೀಗೆ ಕೂತು, ಕಾಳವ್ವನ ಮೊಮ್ಮಗಳ ಅರಿಶಿಣದ ದಿನ ಬರುವಷ್ಟರಲ್ಲಿ ಒಂಬತ್ತು ಹಾಡು ಕೂಡಿದವು. ಉಳಿದ ಐದು ಕಾಳವ್ವನಿಗೆ ನೆನಪಾಗಲೇ ಇಲ್ಲ. ಮದೀನಾಬಿಗೆ ನೆನಪಿದ್ದವು, ಆದರೆ ಹೇಳುವ ದಾರಿ ಇರಲಿಲ್ಲ. ಅವು ಅವಳೊಳಗೇ ಉಳಿದವು.

ಆ ಒಂಬತ್ತು ಹಾಡು ಈಗ ಕಂಪ್ಯೂಟರಿನಲ್ಲಿವೆ, ಒಂದು ಪೆನ್‌ಡ್ರೈವಿನಲ್ಲಿವೆ, ಬಬಲೇಶ್ವರದಲ್ಲಿ ವಿದ್ಯಾವತಿಯ ಹತ್ತಿರವೂ ಇವೆ. ಅವುಗಳಲ್ಲಿ ಮದೀನಾಬಿಯ ದನಿ ಇಲ್ಲ. ಕಿವಿಗೊಟ್ಟು ಕೇಳಿದರೆ ಕಾಳವ್ವನ ಹಾಡಿನ ಹಿಂದೆ, ಮಂಚದ ಪಟ್ಟಿಗೆ ಬೆರಳು ಬಡಿಯುವ ಸಪ್ಪಳ ಕೇಳುತ್ತದೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಸಂಘದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇರಬಹುದು. ಇವತ್ತೇ ಅದರ ಸೆಟ್ಟಿಂಗ್ಸ್ ತೆರೆಯಿರಿ. ನಿಮ್ಮನ್ನು ಕೇಳದೆ ಅದು ಏನೇನು ಮಾಡುತ್ತಿದೆ ಎಂದು ಓದಿ ನೋಡಿ. ಉಳಿಸುವ, ಕಾಯುವ ಕೆಲಸ ಅದು ತಾನಾಗಿ ಮಾಡಲಿ. ಅಳಿಸುವ ಮಾತು ಬಂದಾಗ ಮಾತ್ರ ಕೈ ತಡೆದು ಯೋಚಿಸಿ. ಓದದೆ ಹೂಂ ಎನ್ನಬೇಡಿ, ಹೆದರಿ ಎಲ್ಲವನ್ನೂ ಬಂದ್ ಮಾಡಬೇಡಿ. ತಿಳಿಯದಿದ್ದರೆ ತಿಳಿದವರನ್ನು ಕರೆದು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಮತ್ತೆ ಸಿಗಲಾರದ್ದು ಏನಾದರೂ ಇದ್ದರೆ, ಅದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ. ಜೀನತ ಈಗ ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳುತ್ತಾಳೆ. ಅವಳಿಗೆ ಯಾರೂ ಹೇಳಿರಲಿಲ್ಲ. ನಿಮಗೆ ಹೇಳಿದ್ದೇವೆ.