ಮುದುಕಿಯ ಇಪ್ಪತ್ತು ಸೆಕೆಂಡು

ಕಾಗದ ಓದುತ್ತಿದ್ದಂತೆ ಇರ್ಫಾನಾಳ ಪಿತ್ತ ನೆತ್ತಿಗೇರಿತು. ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಮೇಲಿನ ಆ ಡಬ್ಬಿಂಗ್ ಕೋಣೆಯಲ್ಲಿ ಆರು ವರ್ಷದಿಂದ ಪರದೇಶದ ಹೆಂಗಸರಿಗೆಲ್ಲ ಕನ್ನಡದ ದನಿ ಕೊಟ್ಟವಳು ಅವಳು. ಇಂಥದ್ದನ್ನು ಕಂಡಿರಲಿಲ್ಲ.

ಈ ಸಲ ಡಬ್ಬಿಂಗಿಗೆ ಬಂದಿದ್ದು ರಾಕ್ಷಸಪ್ರಾಣಿಯ ಸಿನಿಮಾ. ದೊಡ್ಡ ದೇಶವೊಂದರ ನೌಕಾಪಡೆ ಬಡ ದ್ವೀಪದ ಕಡಲಲ್ಲಿ ಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತದೆ. ತಳದಲ್ಲಿ ಮಲಗಿದ್ದ ಪ್ರಾಣಿ ಎದ್ದು ಬಂದು ದ್ವೀಪದವರನ್ನು ತುಳಿಯುತ್ತದೆ. ಕೊನೆಗೆ ಅದೇ ನೌಕಾಪಡೆ ಇನ್ನೊಂದು ಬಾಂಬು ಹಾಕಿ, ಲೋಕ ಉಳಿಸಿದೆವೆಂದು ಚಪ್ಪಾಳೆ ಗಿಟ್ಟಿಸುತ್ತದೆ. ಕೂಸನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಮಂದಿ!

ಅದನ್ನಾದರೂ ಸಹಿಸುತ್ತಿದ್ದಳೇನೋ. ಆದರೆ ಬೆಂಗಳೂರಿನ ವಿತರಕ ಆ ಕಾಗದದಲ್ಲಿ ಬರೆದಿದ್ದ: ನೌಕಾಪಡೆಯ ಅಧಿಕಾರಿಗೆ ಶುದ್ಧ ಕನ್ನಡ, ದ್ವೀಪದವರಿಗೆ ವಿಜಯಪುರದ ಕನ್ನಡ, ಜನ ನಗಬೇಕು. ತುಳಿತಕ್ಕೆ ಸತ್ತ ಮೊಮ್ಮಗನ ಒಂಟಿ ಚಪ್ಪಲಿ ಹಿಡಿದು ಇಪ್ಪತ್ತು ಸೆಕೆಂಡು ಮಾತಾಡುವ ಮುದುಕಿಯ ದನಿಯಾಗಿ ಇವಳು ಹೇಳಬೇಕಾದದ್ದು, 'ಯಪ್ಪಾ, ದೆವ್ವ ಬಂತಲೇ, ನನ್ನ ರೊಟ್ಟಿ ಸುಟ್ಟೋತಲೇ!'

"ನಮ್ಮ ಮಾತಂದ್ರ ಅವರಿಗೆ ನಗಾಕ ಅಷ್ಟ ಏನ್ರಿ?"

ಸ್ಟುಡಿಯೋ ನಡೆಸುವ ಧೀರೇಂದ್ರ ಕೈಮುಗಿದ. "ಸಿಟ್ಟಾಗಬ್ಯಾಡ್ರಿ ಇರ್ಫಾನಾ. ಬರದ್ಹಂಗ ಹೇಳಿಬಿಡ್ರಿ. ಇಲ್ಲಂದ್ರ ಮುಂದ ನಿಮ್ಮನ್ನ ಕರಿಬ್ಯಾಡ ಅಂತಾರ."

"ಕರೀಬ್ಯಾಡ್ರಿ!" ಅಂದವಳೇ ಮೈಕಿನ ಮುಂದೆ ನಿಂತಳು. ಬಿಜ್ಜರಗಿಯ ತನ್ನಜ್ಜಿ ಮದೀನಾಬಿ ಸಿಟ್ಟಿಗೆದ್ದರೆ ಹೇಗೆ ಮಾತಾಡುತ್ತಿದ್ದಳೋ ಹಾಗೆ, ತನ್ನದೇ ಮಾತು ಹೇಳಿದಳು. ಅಜ್ಜಿಯ ಆ ದನಿಗೆ ಊರ ಗೌಡನೂ ನಕ್ಕವನಲ್ಲ.

ವಿತರಕ ಆ ದನಿಯನ್ನು ಕಿತ್ತುಹಾಕಿಸಿದ. ಬೇರೆ ದನಿ ಸೇರಿಸಲು ಅವನಿಗೆ ಪುರಸತ್ತಿರಲಿಲ್ಲ. ಇವಳ ಕೆಲಸವೂ ಹೋಯಿತು.

ಸಿನಿಮಾ ತೆರೆಗೆ ಬಂದಾಗ ಇರ್ಫಾನಾ ತಿಕೋಟಾದ ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಹೋಗಿ ಕುಳಿತಳು. ದ್ವೀಪದವರು ಬಾಯಿ ತೆರೆದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಅಯ್ಯೋ, ತಮ್ಮದೇ ಮಾತಿಗೆ! ಇರ್ಫಾನಾಳ ಮೈಯೆಲ್ಲ ಉರಿಯಿತು. ಆಮೇಲೆ ಪರದೆಯ ಮೇಲೆ ಮುದುಕಿ ಬಂದಳು. ಚಪ್ಪಲಿ ಎತ್ತಿ ಹಿಡಿದಳು. ತುಟಿ ಆಡಿತು, ದನಿ ಇಲ್ಲ. ನಗು ನಿಂತಿತು.

"ಯವ್ವಾ, ಆಕಿ ಏನೋ ಹೇಳಾಕತ್ತಾಳಲ್ಲ, ದನಿ ಯಾಕ ಬರವಲ್ದು?" ಪಕ್ಕದಲ್ಲಿದ್ದ ಯಾರೋ ಅಜ್ಜಿ ಕೇಳಿದಳು.

ಇರ್ಫಾನಾ ಎದ್ದು ನಿಂತಳು. "ಕುಂದರ ಬೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಕೂರಲಿಲ್ಲ. ಇಡೀ ಹಾಲಿಗೆ ಕೇಳುವಂತೆ ಹೇಳಿದಳು:

"ನಿಮ್ಮ ಬಾಂಬಿಗೆ ನಮ್ಮ ಕಡಲ ಯಾಕ ಬೇಕಾತು? ಮಲಗಿದ್ದನ್ನ ಎಬ್ಬಿಸಿದವ್ರು ನೀವು. ತುಳಿಸ್ಕೊಂಡಾಂವ ನನ್ನ ಮೊಮ್ಮಗ. ಇದರ ಜೋಡಿ ಚಪ್ಪಲಿ ಎಲ್ಲೈತಿ, ಮೊದಲ ಅದನ್ನ ಹುಡುಕಿ ಕೊಡ್ರಿ. ಆಮ್ಯಾಲ ಲೋಕ ಉಳಸ್ರಿ."